ಹೆಂಗಸರ ಮಂಡೆಯೇ ಹಾಗಾ, ಡಾಕ್ಟ್ರೇ?

ಪ್ರಶ್ನೆ: ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಸ್ವಲ್ಪ ಅಡಿಕೆ ತೋಟ ಇದೆ. ನನಗೆ 47 ವರ್ಷ. ಮಗಳಿಗೆ 20, ಡಿಗ್ರಿ ಓದುತ್ತಿದ್ದಾಳೆ. ಎರಡು ವರ್ಷದಿಂದ ಅವಳಿಗೆ ತಿಂಗಳಿಗೊಮ್ಮೆ ಏನೋ ಆಗುತ್ತದೆ. ಮುಟ್ಟಾಗುವ ಏಳೆಂಟು ದಿನ ಮೊದಲು ಶುರು. ಸಣ್ಣ ಮಾತಿಗೆ ಅಳು, ಬಾಗಿಲು ಹಾಕಿಕೊಂಡು ಮಲಗುವುದು, "ನನ್ನಿಂದ ಯಾರಿಗೂ ಉಪಕಾರ ಇಲ್ಲ" ಅನ್ನುವುದು. ಮುಟ್ಟಾಗಿ ಎರಡು ದಿನಕ್ಕೆ ಏನೂ ಆಗದವಳ ಹಾಗೆ ನಗುತ್ತಾಳೆ. ಮನೆಯವರು "ಹೆಂಗಸರ ಮಂಡೆಯೇ ಹಾಗೆ" ಅನ್ನುತ್ತಾರೆ. ಹೆಂಗಸರ ಮೆದುಳು ಚಿಕ್ಕದು, ಅದಕ್ಕೇ ಈ ಕಾಯಿಲೆಗಳು ಅವರಿಗೆ ಜಾಸ್ತಿ ಅಂತ ಒಂದು ವಿಡಿಯೋ ಬೇರೆ ತೋರಿಸಿದರು. ಅತ್ತೆ ಜೋಯಿಸರ ಹತ್ತಿರ ಪ್ರಶ್ನೆ ಇಡಿಸೋಣ ಅನ್ನುತ್ತಾರೆ. ಭಾವ ಮದುವೆ ಮಾಡಿದರೆ ಎಲ್ಲ ಸರಿಯಾಗ್ತದೆ ಅನ್ನುತ್ತಾರೆ. ಮಾತ್ರೆ ಶುರು ಮಾಡಿದರೆ ಮುಂದೆ ಮಕ್ಕಳಾಗಲು ತೊಂದರೆಯಾ? ನನಗೂ ಒಂದು ವರ್ಷದಿಂದ ನಿದ್ದೆ ಇಲ್ಲ, ಎದೆ ಡವಡವ. ಒಂದೊಂದು ದಿನ ಮನೆಯವರ ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತೇನೆ. ನಮ್ಮ ಮನೆಯ ಹೆಂಗಸರಿಗೇ ಇದು ಹಿಡಿದಿದೆಯಾ ಅಂತ ಮಂಡೆ ಬೆಚ್ಚ. ಮಗನದ್ದು ಏನೂ ತೊಂದರೆ ಇಲ್ಲ. ಅವನಿಗೆ 25. ಗಲ್ಫಿನ ಕೆಲಸ ಬಿಟ್ಟು ಬಂದು ಆರು ತಿಂಗಳಾಯಿತು. ಕೋಪ ಸ್ವಲ್ಪ ಜಾಸ್ತಿ, ರಾತ್ರಿ ಕುಡಿದು ಬರುತ್ತಾನೆ, ಗಂಡು ಹುಡುಗರು ಅಲ್ವಾ. ಈಗೀಗ ಜವಾಬ್ದಾರಿಯೂ ಬರುತ್ತಿದೆ. ಮೊನ್ನೆ ಪಾಸ್‌ಬುಕ್, ಎಟಿಎಂ ಕಾರ್ಡ್ ನನ್ನ ಕೈಗೆ ಕೊಟ್ಟು "ಇನ್ನು ನೀವೇ ಇಟ್ಟುಕೊಳ್ಳಿ" ಅಂದ. ತನ್ನ ಹೊಸ ಫೋನನ್ನು ತಂಗಿಗೆ ಕೊಟ್ಟುಬಿಟ್ಟ.

ಉತ್ತರ: ನಿಮ್ಮ ಪತ್ರದಲ್ಲಿ ಮಗಳ ಬಗ್ಗೆ ಎರಡು ಪುಟ ಇತ್ತು. ಇಲ್ಲಿ ಚಿಕ್ಕದು ಮಾಡಿ ಹಾಕಿದ್ದೇನೆ. ನಿಮ್ಮ ಬಗ್ಗೆ ನಾಲ್ಕು ಸಾಲು. ಮಗನ ಬಗ್ಗೆ, ಪುಟದ ಕೊನೆಗೆ ಜಾಗ ಉಳಿದಿತ್ತು ಅಂತ ಬರೆದ ಹಾಗಿತ್ತು. ಓದುತ್ತಾ ನಾನು ನಿಂತದ್ದು ಅಲ್ಲಿ. ಅದಕ್ಕೇ ಪತ್ರ ಸಿಕ್ಕ ದಿನವೇ ನಿಮಗೆ ಫೋನ್ ಮಾಡಿದ್ದು. ಅವನನ್ನು ಮರುದಿನವೇ ಕರೆದುಕೊಂಡು ಬಂದಿರಿ, ಈಗ ಮದ್ದು ನಡೆಯುತ್ತಿದೆ. ನಿಮ್ಮ ಮೂವರ ಒಪ್ಪಿಗೆ ಕೇಳಿ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಉಳಿದದ್ದನ್ನು ಬರೆಯುತ್ತಿದ್ದೇನೆ. ಯಾಕಂದರೆ ನಿಮ್ಮ ಮನೆಯ ಲೆಕ್ಕವೇ ನಮ್ಮ ಊರಿನ ತುಂಬ ಮನೆಗಳ ಲೆಕ್ಕ. ಹೆಣ್ಣು ಅತ್ತರೆ ಕಾಯಿಲೆ, ಗಂಡು ಕುಡಿದರೆ ಪ್ರಾಯ.

ಮೊದಲು ಆ ವಿಡಿಯೋ ಮುಗಿಸಿಬಿಡೋಣ. ಗಂಡಸರ ಮೆದುಳು ಸರಾಸರಿಯಲ್ಲಿ ನೂರಕ್ಕೆ ಹತ್ತರಷ್ಟು ದೊಡ್ಡದು, ಅದು ನಿಜ. ಅವರ ಹೃದಯವೂ ದೊಡ್ಡದು, ಪಾದವೂ ದೊಡ್ಡದು. ಮೈ ದೊಡ್ಡದಾದರೆ ಮೈಯ ಭಾಗಗಳೂ ದೊಡ್ಡದು, ಅಷ್ಟೆ. ಐನ್‌ಸ್ಟೈನ್ ತೀರಿಕೊಂಡ ಮೇಲೆ ಅವರ ಮೆದುಳನ್ನು ತೂಗಿದ್ದರು. 1,230 ಗ್ರಾಂ. ಗಂಡಸರ ಸರಾಸರಿಗಿಂತ ಕಡಿಮೆ. ನಿಮ್ಮ ಮನೆಯವರಿಗೆ ಇದನ್ನು ಊಟದ ಹೊತ್ತಿಗೆ ಹೇಳಿ ನೋಡಿ.

ಇನ್ನೊಂದು ಕಥೆಯೂ ಅದೇ ವಿಡಿಯೋದಲ್ಲಿ ಇದ್ದಿರಬೇಕು, ಯಾವಾಗಲೂ ಜೊತೆಗೇ ಬರುತ್ತದೆ. ಎಡ ಮೆದುಳು ಬಲ ಮೆದುಳನ್ನು ಜೋಡಿಸುವ ನರಗಳ ಸೇತುವೆ ಹೆಂಗಸರಲ್ಲಿ ದಪ್ಪ, ಅದಕ್ಕೇ ಅವರು ಎಲ್ಲವನ್ನೂ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ ಅನ್ನುವುದು. ಇದು ಹುಟ್ಟಿದ್ದು 1982ರ ಒಂದು ಸಂಶೋಧನೆಯಿಂದ. ಅವರು ನೋಡಿದ್ದು ಬರೀ 14 ಮೆದುಳು. 1997ರಲ್ಲಿ 49 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಆ ವ್ಯತ್ಯಾಸ ನಿಲ್ಲಲಿಲ್ಲ. ಆದರೆ 14 ಮೆದುಳಿನ ಕಥೆ ಇವತ್ತಿಗೂ ವಾಟ್ಸಾಪಿನಲ್ಲಿ ಓಡುತ್ತಿದೆ.

2015ರಲ್ಲಿ ಟೆಲ್ ಅವೀವ್ ವಿಶ್ವವಿದ್ಯಾಲಯದ ಡಾಫ್ನಾ ಜೋಯೆಲ್ ಮತ್ತು ಜೊತೆಯವರು 1,400ಕ್ಕೂ ಹೆಚ್ಚು ಜನರ ಸ್ಕ್ಯಾನ್ ನೋಡಿದರು. ಪೂರ್ತಿ ಗಂಡು ಅಥವಾ ಪೂರ್ತಿ ಹೆಣ್ಣು ಅನ್ನುವಂಥ ಮೆದುಳು ತೀರಾ ಅಪರೂಪ. ಒಬ್ಬರದೇ ಮೆದುಳಿನಲ್ಲಿ ಒಂದು ಭಾಗ ಈ ಕಡೆ ವಾಲಿದ್ದರೆ ಇನ್ನೊಂದು ಆ ಕಡೆ. ಇದಕ್ಕೆ ಎದುರು ಮಾತೂ ಇದೆ. ಎಲ್ಲ ಅಳತೆಗಳನ್ನೂ ಒಟ್ಟಿಗೆ ಕೊಟ್ಟರೆ ಇದು ಗಂಡಸಿನದ್ದೋ ಹೆಂಗಸಿನದ್ದೋ ಅಂತ ಕಂಪ್ಯೂಟರ್ ಬಹಳ ಸಲ ಸರಿಯಾಗಿಯೇ ಹೇಳುತ್ತದೆ. ಇರಲಿ. ಆದರೆ ಸ್ಕ್ಯಾನ್ ನೋಡಿ "ಇವಳಿಗೆ ಮುಂದೆ ಖಿನ್ನತೆ ಬರುತ್ತದೆ" ಅಂತ ಹೇಳಲು ಯಾವ ಡಾಕ್ಟರಿಗೂ ಆಗುವುದಿಲ್ಲ. ನಿಮಗೆ ಬೇಕಾದದ್ದು ಅಷ್ಟೆ.

ಹಾಗಾದರೆ ವ್ಯತ್ಯಾಸವೇ ಇಲ್ವಾ? ಇದೆ. ಖಿನ್ನತೆ ಹೆಂಗಸರಲ್ಲಿ ಸುಮಾರು ಎರಡು ಪಟ್ಟು, ಮೈಗ್ರೇನ್ ಮೂರು ಪಟ್ಟು. ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳುವ, ಇಲ್ಲದ ಅನುಮಾನ ಬರುವ ಕಾಯಿಲೆ) ಗಂಡಸರಲ್ಲಿ ಇಪ್ಪತ್ತರ ಆಚೀಚೆ ಶುರುವಾದರೆ ಹೆಂಗಸರಲ್ಲಿ ಕೆಲವು ವರ್ಷ ತಡ, ಮತ್ತೆ 45 ದಾಟಿದ ಮೇಲೆ ಕೆಲವರಿಗೆ. ಕುಡಿತ ನಮ್ಮ ದೇಶದಲ್ಲಿ ಹೆಚ್ಚುಕಡಿಮೆ ಗಂಡಸರದ್ದೇ. 2019ರ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ ಗಂಡಸರಲ್ಲಿ ಶೇ. 27.3 ಮಂದಿ ಕುಡಿಯುತ್ತಾರೆ, ಹೆಂಗಸರಲ್ಲಿ ಶೇ. 1.6.

ಈ ಲೆಕ್ಕದಲ್ಲಿ ಒಂದು ವಿಷಯ ಗಮನಿಸಿ. ಹತ್ತು ವರ್ಷದ ಮಕ್ಕಳಲ್ಲಿ ಖಿನ್ನತೆ ಹುಡುಗ ಹುಡುಗಿ ಇಬ್ಬರಿಗೂ ಒಂದೇ ಅಂದಾಜು. ಹನ್ನೆರಡು ಹದಿಮೂರಕ್ಕೆ ಅಂತರ ಬೀಳುತ್ತದೆ. ಮೆದುಳಿನ ಗಾತ್ರವೇ ಕಾರಣ ಆಗಿದ್ದರೆ ಹುಟ್ಟಿನಿಂದಲೇ ಅಂತರ ಇರಬೇಕಿತ್ತು. ಆ ವಯಸ್ಸಿನಲ್ಲಿ ಎರಡು ವಿಷಯ ಒಟ್ಟಿಗೇ ಶುರುವಾಗುತ್ತವೆ. ಒಳಗೆ ಹಾರ್ಮೋನು. ಹೊರಗೆ ನಮ್ಮ ಕಾನೂನು: ಜೋರಾಗಿ ನಗಬೇಡ, ಕತ್ತಲಾಗುವ ಮೊದಲು ಬಾ, ತೋಟದ ಆಚೆ ಒಬ್ಬಳೇ ಹೋಗಬೇಡ. ಇವೆರಡನ್ನೂ ತೆಂಗಿನಕಾಯಿ ಸುಲಿದ ಹಾಗೆ ಬೇರೆ ಬೇರೆ ಮಾಡಿ ಇಡಲು ಆಗುವುದಿಲ್ಲ. ಹಾಗೆ ಮಾಡಿ ತೋರಿಸುತ್ತೇನೆ ಅನ್ನುವವರನ್ನು ನಾನು ನಂಬುವುದಿಲ್ಲ.

ಇನ್ನು ನಿಮ್ಮ ಮಗಳು. ಅವಳದ್ದು ತಾರೀಕು ನೋಡಿಕೊಂಡು ಬರುವ ತೊಂದರೆ. ಪ್ರೀಮೆನ್‌ಸ್ಟ್ರುವಲ್ ಡಿಸ್ಫೋರಿಕ್ ಡಿಸಾರ್ಡರ್ ಅಂತ ಹೆಸರು, ಪಿಎಂಡಿಡಿ ಅನ್ನುತ್ತೇವೆ. ಮುಟ್ಟಾಗುವ ವಯಸ್ಸಿನ ನೂರು ಹೆಂಗಸರಲ್ಲಿ ಮೂರರಿಂದ ಎಂಟು ಮಂದಿಗೆ ಇರುತ್ತದೆ. ಮುಟ್ಟಿನ ಮೊದಲು ಸ್ವಲ್ಪ ಸಿಡುಕು, ಎದೆ ಭಾರ ಬಹಳ ಜನರಿಗೆ ಇರುತ್ತದೆ, ಅದು ಬೇರೆ. ಇದು ಕಾಲೇಜು ತಪ್ಪಿಸುವಷ್ಟು, ಬದುಕು ಬೇಡ ಅನಿಸುವಷ್ಟು ಇರುತ್ತದೆ.

ತುಂಬ ತಾಯಂದಿರು ಹಾರ್ಮೋನು ಜಾಸ್ತಿಯಾಗಿದೆ ಅಂತ ಮಂಗಳೂರಿಗೆ ಹೋಗಿ ಸಾವಿರಾರು ರೂಪಾಯಿಯ ಪರೀಕ್ಷೆ ಮಾಡಿಸಿ ಬರುತ್ತಾರೆ. ರಿಪೋರ್ಟ್ ನಾರ್ಮಲ್. ಆಮೇಲೆ ಮನೆಯಲ್ಲಿ "ನೋಡಿ, ಏನೂ ಇಲ್ಲ, ಇವಳದ್ದು ನಾಟಕ". ಎರಡೂ ತಪ್ಪು. 1998ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಡಾಕ್ಟರುಗಳು ಒಂದು ಜಾಣ ಪ್ರಯೋಗ ಮಾಡಿದರು. ಇಂಥ ತೊಂದರೆ ಇದ್ದ ಹೆಂಗಸರಿಗೆ ಮದ್ದು ಕೊಟ್ಟು ಅಂಡಾಶಯದ ಹಾರ್ಮೋನನ್ನು ಪೂರ್ತಿ ನಿಲ್ಲಿಸಿದರು. ಹೆಚ್ಚಿನವರಿಗೆ ತೊಂದರೆ ಇಳಿಯಿತು. ಆಮೇಲೆ ಮಾಮೂಲು ಪ್ರಮಾಣದಲ್ಲಿ ಅದೇ ಹಾರ್ಮೋನನ್ನು ವಾಪಸ್ ಕೊಟ್ಟರು. ತೊಂದರೆಯೂ ವಾಪಸ್ ಬಂತು. ತೊಂದರೆ ಇಲ್ಲದ ಹೆಂಗಸರಿಗೂ ಹೀಗೇ ಮಾಡಿದರು. ಅವರಿಗೆ ಏನೂ ಆಗಲಿಲ್ಲ. ಹಾರ್ಮೋನು ಇಬ್ಬರಲ್ಲೂ ಅಷ್ಟೇ, ಅದನ್ನು ತಾಳಿಕೊಳ್ಳುವ ಮೆದುಳು ಬೇರೆ. ಮಳೆ ಎಲ್ಲರ ಮಾಡಿನ ಮೇಲೂ ಒಂದೇ ಬೀಳುತ್ತದೆ, ಹಂಚು ಜಾರಿದ ಮನೆ ಮಾತ್ರ ಸೋರುತ್ತದೆ.

ಆದ್ದರಿಂದ ರಕ್ತ ಪರೀಕ್ಷೆಗಿಂತ ಇಲ್ಲಿ ಕ್ಯಾಲೆಂಡರೇ ದೊಡ್ಡ ಪರೀಕ್ಷೆ. ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಒಮ್ಮೆ ನೋಡಿ, ಸಾಕು. ಎರಡು ತಿಂಗಳು ದಿನಾ ರಾತ್ರಿ ಅವಳೇ ಬರೆಯಲಿ: ಅಳು, ಸಿಟ್ಟು, ನಿದ್ದೆ, ಸಾಯುವ ಯೋಚನೆ. ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕೆ. ನೀವು ಬರೆಯಬೇಡಿ. ಒಬ್ಬ ಹುಡುಗಿ ಹಾಲಿನ ಸೊಸೈಟಿಯ ಪುಸ್ತಕದಲ್ಲೇ ಬರೆದು ತಂದಿದ್ದಳು. ಅಮ್ಮನ ಅಕ್ಷರದಲ್ಲಿ "ಬೆಳಿಗ್ಗೆ 4 ಲೀಟರ್", ಪಕ್ಕದಲ್ಲಿ ಪೆನ್ಸಿಲಿನಲ್ಲಿ "ಅಳು 3". ಆ ಪುಸ್ತಕ ತೆರೆದ ಎರಡೇ ನಿಮಿಷಕ್ಕೆ ಉತ್ತರ ಸಿಕ್ಕಿತು. ಅವಳಿಗೆ ತಿಂಗಳಿಡೀ ಎರಡು ಇತ್ತು, ಮುಟ್ಟಿನ ಮೊದಲಿನ ವಾರ ಮೂರು. ಅದು ಪಿಎಂಡಿಡಿ ಅಲ್ಲ, ಕೆಳಗೆ ಖಿನ್ನತೆ ಕೂತಿದೆ, ಆ ವಾರ ಮೇಲೆ ಏಳುತ್ತದೆ ಅಂತ. ಮದ್ದು ಬೇರೆ, ಕೊಡುವ ರೀತಿ ಬೇರೆ. ಆದರೆ ಎರಡು ತಿಂಗಳು ಕಾಯುವುದು ಬರೆಯುವುದಕ್ಕೆ ಮಾತ್ರ. ಸಾಯುವ ಯೋಚನೆ ಅಂಕೆಯಲ್ಲಿ ಬಂದ ದಿನ ಕ್ಯಾಲೆಂಡರ್ ಬದಿಗಿಟ್ಟು ನೇರ ಬನ್ನಿ.

ಒಂದು ಮಾತು ಮಧ್ಯದಲ್ಲಿ ಹೇಳಿಬಿಡುತ್ತೇನೆ. ಕಾಯಿಲೆಗೆ ಹೆಸರು ಸಿಕ್ಕಿತು ಅಂತ ಆ ವಾರ ಅವಳು ಹೇಳುವುದೆಲ್ಲ ಸುಳ್ಳಾಗುವುದಿಲ್ಲ. "ಅಣ್ಣ ಉಂಡ ತಟ್ಟೆ ನಾನೇ ಯಾಕೆ ತೊಳೀಬೇಕು" ಅಂತ ಅವಳು ಆ ವಾರ ಕೇಳಿದರೆ, ಅದಕ್ಕೆ ಉತ್ತರ ಹಾರ್ಮೋನು ಅಲ್ಲ.

ಪಿಎಂಡಿಡಿಯೇ ಅಂತಾದರೆ ದಾರಿಗಳಿವೆ. ತೊಂದರೆ ಹಗುರ ಇದ್ದವರಿಗೆ ದಿನಾ ನಡಿಗೆ, ಹೊತ್ತಿಗೆ ಸರಿಯಾಗಿ ನಿದ್ದೆ, ಕ್ಯಾಲ್ಸಿಯಂ ಮಾತ್ರೆ, ಕೌನ್ಸೆಲಿಂಗ್, ಇಷ್ಟರಲ್ಲೇ ಸುಧಾರಿಸುವುದುಂಟು. ನಿಮ್ಮ ಮಗಳಿಗೆ ಅಷ್ಟು ಸಾಲದು ಅಂತ ನನಗೆ ಅನಿಸುತ್ತದೆ. ಅವಳಿಗೆ ಮೊದಲು ಯೋಚಿಸುವುದು ಖಿನ್ನತೆಗೂ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ. ಖಿನ್ನತೆಗೆ ಇದು ಕೆಲಸ ಮಾಡಲು ಮೂರು ನಾಲ್ಕು ವಾರ ಬೇಕು. ಪಿಎಂಡಿಡಿಯಲ್ಲಿ ಕೆಲವೇ ದಿನದಲ್ಲಿ ಗುಣ ಕಾಣುತ್ತದೆ. ಹಾಗಾಗಿ ತಿಂಗಳಿಡೀ ಬೇಡ, ಮುಟ್ಟಿನ ಮೊದಲಿನ ಎರಡು ವಾರ ಮಾತ್ರ ಕೊಟ್ಟರೂ ನಡೆಯುತ್ತದೆ. ಶುರುವಿನಲ್ಲಿ ಹೊಟ್ಟೆ ತೊಳೆಸುವುದು, ತಲೆನೋವು ಬರಬಹುದು. 25 ದಾಟದವರಲ್ಲಿ ಮೊದಲ ಕೆಲವು ವಾರ ಚಡಪಡಿಕೆ, ಸಾಯುವ ಯೋಚನೆ ಜಾಸ್ತಿಯಾಗುವುದುಂಟು. ಎಲ್ಲರಿಗೂ ಅಲ್ಲ, ಆದರೂ ಆಗ ಅವಳನ್ನು ಗಮನಿಸಬೇಕು, ವಾರಕ್ಕೊಮ್ಮೆ ನನಗೆ ತೋರಿಸಬೇಕು. ಇನ್ನೊಂದು ದಾರಿ ಗರ್ಭನಿರೋಧಕ ಮಾತ್ರೆ. ಕೆಲವು ಬಗೆಯವು ಕೆಲಸ ಮಾಡುತ್ತವೆ. ಆದರೆ ರಕ್ತ ಹೆಪ್ಪುಗಟ್ಟುವ ಅಪಾಯ ಸ್ವಲ್ಪ ಇದೆ. ಕಣ್ಣೆದುರು ಬೆಳಕು ಮಿಂಚಿ ಬರುವ ಮೈಗ್ರೇನ್ ಇದ್ದವರಿಗೆ ಕೊಡುವುದಿಲ್ಲ. ಹೆಂಗಸರ ಡಾಕ್ಟರ್ ನೋಡಿಯೇ ಬರೆಯಬೇಕು, ಮೆಡಿಕಲ್ ಶಾಪಿನಿಂದ ಸುಮ್ನೆ ತರುವುದಲ್ಲ.

ಮಕ್ಕಳಾಗುವ ವಿಷಯ. ಎಸ್‌ಎಸ್‌ಆರ್‌ಐ ತೆಗೆದುಕೊಂಡು ನಿಲ್ಲಿಸಿದವರಿಗೆ ಮುಂದೆ ಬಸಿರಾಗಲು ತೊಂದರೆ ಇಲ್ಲ. ನಿಜವಾಗಿ ಭಯಪಡಬೇಕಾದ ಮಾತ್ರೆ ಬೇರೆ ಇದೆ, ಅದನ್ನು ಯಾರೂ ಕೇಳುವುದಿಲ್ಲ. ವಾಲ್‌ಪ್ರೊಯೇಟ್. ಫಿಟ್ಸ್‌ಗೂ ಮೂಡ್ ಏರಿಳಿತಕ್ಕೂ ಕೊಡುತ್ತಾರೆ. ಬಸಿರಿನಲ್ಲಿ ತೆಗೆದುಕೊಂಡರೆ ಮಗುವಿನ ಬೆನ್ನುಹುರಿಗೆ, ಬುದ್ಧಿಗೆ ಪೆಟ್ಟು ಬೀಳಬಹುದು. ಮದುವೆಯ ಪ್ರಾಯದ ಹುಡುಗಿಯ ಚೀಟಿಯಲ್ಲಿ ಆ ಹೆಸರು ಕಂಡರೆ ಬೇರೆ ಮದ್ದು ಆಗುವುದಿಲ್ವಾ ಅಂತ ಡಾಕ್ಟರಿಗೆ ಕೇಳಿ. ಆದರೆ ನೀವೇ ನಿಲ್ಲಿಸಬೇಡಿ, ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು.

ಭಾವನವರ ಮದ್ದು, ಮದುವೆ. ಇದನ್ನು ವಾರಕ್ಕೆ ಮೂರು ಸಲವಾದರೂ ಕೇಳುತ್ತೇನೆ. ಮುಟ್ಟಿನ ಚಕ್ರ ಮದುವೆಯಾದ ಮೇಲೂ ಅದೇ. ಹೊಸ ಮನೆ, ಹೊಸ ಜನ, ಅಳಲು ಬಾಗಿಲು ಹಾಕಿಕೊಳ್ಳುವ ಕೋಣೆಯೂ ಇಲ್ಲ. ಬಾಣಂತನದಲ್ಲಿ ಖಿನ್ನತೆ ಬರುವ ಸಾಧ್ಯತೆ ಇಂಥವರಲ್ಲಿ ಸ್ವಲ್ಪ ಜಾಸ್ತಿಯೇ. 2016ರಲ್ಲಿ ಇಡೀ ಜಗತ್ತಿನಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ಹೆಂಗಸರಲ್ಲಿ ಶೇ. 36.6 ಮಂದಿ ನಮ್ಮ ದೇಶದವರು, ಅವರಲ್ಲಿ ಮದುವೆಯಾದವರೇ ಜಾಸ್ತಿ. ಮದುವೆ ಮಾಡಿ, ಬೇಡ ಅನ್ನುವುದಿಲ್ಲ. ಮದ್ದು ಅಂತ ಮಾಡಬೇಡಿ.

ಅತ್ತೆಯವರು ಪ್ರಶ್ನೆ ಇಡಿಸುವುದಾದರೆ ಇಡಿಸಲಿ. ಮಾತ್ರೆ ಮಾತ್ರ ನಿಲ್ಲದಿರಲಿ. ಈ ವಿಷಯದಲ್ಲಿ ನಾನು ಯಾರ ಜೊತೆಗೂ ಜಗಳಕ್ಕೆ ಹೋಗುವುದಿಲ್ಲ.

ಈಗ ನೀವು. 47, ನಿದ್ದೆ ಇಲ್ಲ, ಎದೆ ಡವಡವ. ಮುಟ್ಟು ನಿಲ್ಲುವ ಹೊತ್ತು ಅಂತ ಕಾಣುತ್ತದೆ. ಆ ನಾಲ್ಕೈದು ವರ್ಷದಲ್ಲಿ ಖಿನ್ನತೆ, ಆತಂಕ ಜಾಸ್ತಿ. ಥೈರಾಯ್ಡ್, ಬಿಪಿ, ಹಿಮೋಗ್ಲೋಬಿನ್ ನೋಡಿಸಿ, ಒಂದು ಇಸಿಜಿಯೂ ಇರಲಿ. ಮನೆಯವರ ನಿದ್ದೆ ಮಾತ್ರೆ ಮಾತ್ರ ಇವತ್ತೇ ಬಿಡಿ. ಫೋನಿನಲ್ಲಿ ನೀವು ಸ್ಟ್ರಿಪ್ ಓದಿ ಹೇಳಿದಿರಲ್ಲ, ಜೋಲ್ಪಿಡೆಮ್ 10 ಅಂತ. ಹೆಂಗಸರ ಮೈಯಿಂದ ಈ ಮದ್ದು ನಿಧಾನ ಇಳಿಯುತ್ತದೆ. ಬೆಳಿಗ್ಗೆಯೂ ರಕ್ತದಲ್ಲಿ ಉಳಿದಿರುತ್ತದೆ. 2013ರಲ್ಲಿ ಅಮೆರಿಕದಲ್ಲಿ ಮದ್ದುಗಳಿಗೆ ಒಪ್ಪಿಗೆ ಕೊಡುವ ಸಂಸ್ಥೆ ಎಫ್‌ಡಿಎ ಹೆಂಗಸರಿಗೆ ಹತ್ತು ಮಿಲಿಗ್ರಾಂ ಬೇಡ, ಐದು ಸಾಕು ಅಂತ ಅರ್ಧಕ್ಕೆ ಇಳಿಸಿತು. ಆ ಮದ್ದು ಪೇಟೆಗೆ ಬಂದು ಇಪ್ಪತ್ತು ವರ್ಷವಾದ ಮೇಲೆ! 1977ರಿಂದ 1993ರವರೆಗೆ ಅಲ್ಲಿ ಹೊಸ ಮದ್ದುಗಳ ಶುರುವಿನ ಪರೀಕ್ಷೆಗಳಲ್ಲಿ ಮಕ್ಕಳಾಗುವ ವಯಸ್ಸಿನ ಹೆಂಗಸರನ್ನು ಸೇರಿಸುತ್ತಲೇ ಇರಲಿಲ್ಲ. ಹೆಣ್ಣು ಗಂಡಿನ ವ್ಯತ್ಯಾಸ ಎಲ್ಲಿ ಬೇಕಿತ್ತೋ ಅಲ್ಲಿ ನೋಡಲಿಲ್ಲ ನೋಡಿ. ಬೆಳಿಗ್ಗೆ ಐದಕ್ಕೆ ಎದ್ದು ಒದ್ದೆ ಅಂಗಳದಲ್ಲಿ ಹಟ್ಟಿಗೆ ಹೋಗುವವರು ನೀವು. ಜಾರಿ ಬಿದ್ದರೆ ಸೊಂಟ ಮುರಿಯುವುದೇ ಮೊದಲು.

ಮಗನಿಗೆ ಬರುತ್ತೇನೆ. 2022ರಲ್ಲಿ ನಮ್ಮ ದೇಶದಲ್ಲಿ 1,70,924 ಜನ ಆತ್ಮಹತ್ಯೆಯಿಂದ ತೀರಿಕೊಂಡರು. ಅದರಲ್ಲಿ 1,22,724 ಗಂಡಸರು. ಲಕ್ಷಕ್ಕೆ ದೇಶದ ಸರಾಸರಿ 12.4, ನಮ್ಮ ಕೇರಳದ್ದು 28.5. ಖಿನ್ನತೆ ಹೆಂಗಸರಿಗೆ ಜಾಸ್ತಿ, ಸಾಯುವವರಲ್ಲಿ ಗಂಡಸರು ಜಾಸ್ತಿ. ಇದು ಹೇಗೆ? ಒಂದು ಕಾರಣ ಕುಡಿತ. ಇನ್ನೊಂದು, ಗಂಡಸರ ಖಿನ್ನತೆ ನಮ್ಮ ಲೆಕ್ಕಕ್ಕೇ ಸಿಗುವುದಿಲ್ಲ. ಅವರು "ಬೇಸರ" ಅಂತ ಹೇಳಿಕೊಂಡು ಬರುವುದಿಲ್ಲ. ಗ್ಯಾಸ್ ಅನ್ನುತ್ತಾರೆ, ಬೆನ್ನುನೋವು ಅನ್ನುತ್ತಾರೆ. ಅಥವಾ ಹೆಂಡತಿ ಎಳೆದುಕೊಂಡು ಬಂದಿರುತ್ತಾಳೆ, ಇವರು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು ಫೋನ್ ನೋಡುತ್ತಿರುತ್ತಾರೆ. ಶುರುವಿನ ವರ್ಷಗಳಲ್ಲಿ ನಾನೂ ತಪ್ಪಿದ್ದೇನೆ. ಅಳು ಬರುತ್ತದಾ ಅಂತ ಕೇಳುತ್ತಿದ್ದೆ, ಇಲ್ಲ ಅನ್ನುತ್ತಿದ್ದರು, ಕಳಿಸುತ್ತಿದ್ದೆ. ಈಗ ಕೇಳುವುದು ಬೇರೆ. ಸಿಟ್ಟು ಯಾವಾಗಿನಿಂದ ಜಾಸ್ತಿ? ಬೈಕಿನ ಸ್ಪೀಡ್? ರಾತ್ರಿ ಕುಡಿಯದೆ ನಿದ್ದೆ ಬರುತ್ತದಾ? ಸಾಲ ಎಷ್ಟು?

ನಿಮ್ಮ ಮಗ ಪಾಸ್‌ಬುಕ್ ಕೊಟ್ಟದ್ದು ಜವಾಬ್ದಾರಿ ಅಲ್ಲ ಅಂತ ಈಗ ನಿಮಗೆ ಗೊತ್ತು. ಇಷ್ಟದ ವಸ್ತು ಹಂಚುವುದು, ಲೆಕ್ಕ ಚುಕ್ತಾ ಮಾಡುವುದು, ತಿಂಗಳುಗಟ್ಟಲೆ ಸಿಡುಕಿದವನು ಒಮ್ಮೆಲೇ ತಣ್ಣಗಾಗುವುದು, ಇವು ಕಂಡರೆ ಓದುವ ಉಳಿದವರೂ ಅದೇ ದಿನ ಕೇಳಬೇಕು. "ಸಾಯಬೇಕು ಅನಿಸ್ತದಾ ಮಗಾ?" ಅಂತ ನೇರವಾಗಿಯೇ. ಕೇಳಿದರೆ ಇಲ್ಲದ ಯೋಚನೆ ಬರುತ್ತದೆ ಅನ್ನುವ ಭಯ ಎಲ್ಲರಿಗೂ ಇದೆ. ಹಾಗೆ ಆಗುವುದಿಲ್ಲ. ಬಹಳ ಜನ ಯಾರಾದರೂ ಕೇಳಲಿ ಅಂತಲೇ ಕಾಯುತ್ತಿರುತ್ತಾರೆ. ಉತ್ತರ ಹೌದು ಅಂತಾದರೆ ಅವನೊಬ್ಬನನ್ನೇ ಬಿಡಬೇಡಿ. ತೋಟಕ್ಕೆ ಸಿಂಪಡಿಸುವ ವಿಷದ ಮದ್ದು, ಮನೆಯ ಮಾತ್ರೆ ಎಲ್ಲ ಬೀಗದ ಒಳಗೆ ಹೋಗಲಿ, ಕೀಲಿ ಬೇರೆಯವರ ಕೈಯಲ್ಲಿರಲಿ. ದಿನಾ ಜಾಸ್ತಿ ಕುಡಿಯುವವನನ್ನು ಮನೆಯಲ್ಲೇ ಕೂಡಿಹಾಕಿ ಒಮ್ಮೆಲೇ ನಿಲ್ಲಿಸಲು ಹೋಗಬೇಡಿ. ಕೈ ನಡುಕ, ಫಿಟ್ಸ್ ಬರಬಹುದು. ಆಸ್ಪತ್ರೆಯಲ್ಲೇ ಆಗಬೇಕಾದ ಕೆಲಸ ಅದು. ಕೇರಳ ಅಬಕಾರಿ ಇಲಾಖೆಯ ವಿಮುಕ್ತಿ ಯೋಜನೆಯಲ್ಲಿ ಕುಡಿತ ಬಿಡಿಸಲು ಜಿಲ್ಲೆಗೊಂದು ಕೇಂದ್ರವೂ ಇದೆ. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕನ್ನಡದಲ್ಲೇ ಅಂತ ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾನು ಕಲಿಯುತ್ತಿದ್ದಾಗ ನಮ್ಮ ಕಡೆಯ ಒಬ್ಬ ಅಜ್ಜಿ ತೆಂಕಣ ಜಿಲ್ಲೆಯಿಂದ ಬಂದ ಹುಡುಗ ಡಾಕ್ಟರಿಗೆ "ಮಂಡೆ ಬೆಚ್ಚ" (ನಮ್ಮಲ್ಲಿ ಚಿಂತೆಗೆ ಹೇಳುವ ಮಾತು) ಅಂದರು. ಅವನು ಥರ್ಮಾಮೀಟರ್ ಇಟ್ಟು ಜ್ವರದ ಮಾತ್ರೆ ಬರೆದು ಕಳಿಸಿದ. ಅಜ್ಜಿ ಅದನ್ನು ಮೂರು ದಿನ ನುಂಗಿದರು ಕೂಡ. ಮಾರುಕಟ್ಟೆಯ ಮಲಯಾಳ ನಮಗೆಲ್ಲ ಬರುತ್ತದೆ. ಎದೆಯೊಳಗಿನದ್ದನ್ನು ಹೇಳುವಾಗ ಅದು ಸಾಲುವುದಿಲ್ಲ. ಸರ್ಕಾರಿ ಆಸ್ಪತ್ರೆಗೆ ಹೋದರೆ ಕನ್ನಡ ಅಥವಾ ತುಳು ಬರುವ ನರ್ಸ್ ಇದ್ದಾರಾ ಅಂತ ಕೇಳಿ, ನಾಚಿಕೆ ಬೇಡ.

ಮುಂದಿನ ಸಲ ಬರುವಾಗ ಮಗಳ ಎರಡು ತಿಂಗಳ ಅಂಕೆ ತನ್ನಿ. ಅದರ ಪಕ್ಕದಲ್ಲೇ ನಿಮ್ಮ ನಿದ್ದೆಯ ಗಂಟೆಯನ್ನೂ ಬರೆದಿಡಿ. ಮಗ ಬರೆಯುವುದಿಲ್ಲ ಅಂದಿದ್ದಾನೆ, ಒತ್ತಾಯ ಮಾಡಬೇಡಿ. ನಿಮ್ಮಿಬ್ಬರನ್ನು ಕರೆತರುವ ನೆಪದಲ್ಲಿ ಅವನೂ ಬರಲಿ. ಕಳೆದ ಸಲದ ಹಾಗೆ ಬಾಗಿಲ ಹತ್ತಿರ ಕೂತು ಫೋನ್ ನೋಡಿದರೂ ಪರವಾಗಿಲ್ಲ, ಆ ಕುರ್ಚಿಯನ್ನು ಈಗ ನನ್ನ ಮೇಜಿನ ಪಕ್ಕಕ್ಕೆ ಎಳೆದಿಟ್ಟಿದ್ದೇನೆ.